ಸಿಂಹಳದಿಂದ ಮರಳಿದವರು

ಸುಳ್ಯ ಪುತ್ತೂರುಗಳ ಕಡೆಗೆ ಹೋದ ವಾಚಕರು ಅಲ್ಲಿಯ ರಬ್ಬರು ತೋಟಗಳ ನಡುವೆ ತಮಿಳು ನುಡಿಯುವ ಕುಟುಂಬಗಳನ್ನು ಕಂಡಿರಬಹುದು. ಇವರು ನೆರೆನಾಡಿನಿಂದ ನೇರವಾಗಿ ಬಂದವರಲ್ಲ. ಕಡಲು ದಾಟಿ ಸಿಂಹಳದ್ವೀಪದಿಂದ, ಎಂದರೆ ಇಂದಿನ ಶ್ರೀಲಂಕೆಯಿಂದ, ಬಂದವರು ಇಲ್ಲವೆ ಅವರ ಸಂತತಿಯವರು. ಇವರ ವೃತ್ತಾಂತವು ವಿಚಾರಯೋಗ್ಯವಾದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ತೋಟಗಾರರು ಸಿಂಹಳದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನೂ, ಅದು ರೋಗಕ್ಕೆ ತುತ್ತಾದ ಬಳಿಕ ಚಹವನ್ನೂ ಬೆಳೆಸಿದರು. ದುಡಿಮೆಗೆಂದು ಮದರಾಸು ಪ್ರಾಂತದ ಬಡವರನ್ನು ಕಂಗಾಣಿಗಳು ಕರೆದೊಯ್ದರು. ಆ ದೇಶವು ಸ್ವತಂತ್ರವಾದ 1948ರಲ್ಲಿಯೇ ಅಲ್ಲಿಯ ಪೌರತ್ವ ಶಾಸನವು ಇವರ ವಂಶಜರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಗಳಿಗೂ ಸಿರಿಮಾವೊ ಬಂಡಾರನಾಯಕೆಯವರಿಗೂ ಒಡಂಬಡಿಕೆಯಾಯಿತು. 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಸರಿಪಾಲು ಮಾಡಲಾಯಿತು. ಕಣದಲ್ಲಿ ಧಾನ್ಯವನ್ನು ಅಳೆದು ಹಂಚುವಂತೆ ಮನುಷ್ಯರನ್ನು ಹಂಚಿದರು.

ತಲೈಮನ್ನಾರಿನಿಂದ ಹಡಗೇರಿ ರಾಮೇಶ್ವರದಲ್ಲಿಳಿದವರಲ್ಲಿ ಅನೇಕರು ಭಾರತವನ್ನು ಕಂಡದ್ದು ಅದೇ ಮೊದಲು. ಅಜ್ಜನ ಊರಿನ ಹೆಸರು ಬಾಯಲ್ಲಿತ್ತು. ಆ ಊರಿನಲ್ಲಿ ಹೊಲವಿರಲಿಲ್ಲ, ಗುರುತಿಸುವ ನೆಂಟರೂ ವಿರಳವಾಗಿದ್ದರು. ಸರಕಾರವು ಬಹುಮಂದಿಗೆ ಸಣ್ಣ ವ್ಯಾಪಾರಕ್ಕೆಂದು ಸಾಲವನ್ನು ಕೊಟ್ಟಿತು. ಚಹದ ಕುಡಿಯನ್ನು ಕೊಯ್ದು ಬೆಳೆದ ಕೈಗಳಿಗೆ ತಕ್ಕಡಿ ಒಗ್ಗಲಿಲ್ಲ. ಮೂಲಧನವು ಕರಗಿತು, ಕೆಲವರು ಕೊಡೈಕಾನಲ್ ಬೆಟ್ಟಗಳಲ್ಲಿ ಜೀತಕ್ಕೂ ಬಿದ್ದರು.

ಇವರಿಗಿಂತ ಬೇಗನೆ ಚೇತರಿಸಿಕೊಂಡವರು ತೋಟಗಳಿಗೆ ಸೇರಿದವರು. ನೀಲಗಿರಿಯಲ್ಲಿ ತಮಿಳುನಾಡು ಸರಕಾರವು ಚಹದ ತೋಟಗಳನ್ನು ಹಾಕಿಸಿತು. ನಮ್ಮಲ್ಲಿ 1971ರಲ್ಲಿ ಸ್ಥಾಪಿತವಾದ ಅರಣ್ಯಾಭಿವೃದ್ಧಿ ನಿಗಮದ ರಬ್ಬರು ತೋಟಗಳು ಇವರಿಗೆ ಆಶ್ರಯವಾದುವು. ರಬ್ಬರಿನ ಕೆಲಸ ಹಲವರಿಗೆ ಹೊಸದು; ಆದರೂ ಬೆಟ್ಟದ ಮಳೆ, ಬೆಳಗಿನ ಹಾಜರಿ, ಸಾಲುಮನೆಯ ನೆರೆಹೊರೆ ಇವೆಲ್ಲ ಬಳಕೆಯವೇ. ಒಬ್ಬರಿಗೊಬ್ಬರು ಆಸರೆಯಾಗಿ ಬದುಕನ್ನು ಮತ್ತೆ ಕಟ್ಟಿದರು. ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತರು.

ಆದರೆ ತೋಟದ ಮನೆ ದುಡಿಮೆಗೆ ಗಂಟುಹಾಕಿದ ಮನೆ. ಕೆಲಸ ಮುಗಿದವನಿಗೆ ಸೂರಿನ ಚಿಂತೆ ತಪ್ಪಲಿಲ್ಲ. ಪೌರತ್ವದ ಪತ್ರವೊಂದರಿಂದಲೇ ತಾಯ್ನಾಡು ದೊರೆಯದು. ಅರಿತ ಉದ್ಯೋಗ, ಆಪ್ತರ ನೆರೆ, ಮುಪ್ಪಿನಲ್ಲಿಯೂ ತನ್ನದೆನ್ನಬಹುದಾದ ಒಂದು ಮನೆ ಇವು ಮೂರೂ ಬೇಕು. ಮೊದಲಿನೆರಡನ್ನು ಇವರು ತಮ್ಮ ಬೆವರಿನಿಂದ ಸಂಪಾದಿಸಿದರು. ಮೂರನೆಯದನ್ನು ಒದಗಿಸುವುದು, ಇವರನ್ನು ಬರಮಾಡಿಕೊಂಡ ನಾಡಿನ ಹೊಣೆಯಲ್ಲವೆ?