ಹಾಲಿನಂತಹ ಮೂತ್ರ: ಕೀವೂ ಅಲ್ಲ, ಧಾತುವೂ ಅಲ್ಲ

ಮೂತ್ರವು ಹಾಲಿನಂತೆ ಬೆಳ್ಳಗೆ ಹೋಗುತ್ತಿದೆ ಎಂದು ಮೂತ್ರರೋಗ ತಜ್ಞರಲ್ಲಿಗೆ ಬರುವ ರೋಗಿಯು ಅನೇಕ ವೇಳೆ ಹಲವು ಚಿಕಿತ್ಸೆಗಳನ್ನು ಮುಗಿಸಿಯೇ ಬಂದಿರುತ್ತಾನೆ. ಕೀವೆಂದು ಭಾವಿಸಿ ಕೊಟ್ಟ ಆ್ಯಂಟಿಬಯಾಟಿಕ್ ಮಾತ್ರೆಗಳು, ‘ಧಾತು ನಷ್ಟ’ಕ್ಕೆಂದು ಕೊಟ್ಟ ಲೇಹ್ಯಗಳು ಯಾವುವೂ ಫಲ ನೀಡಿರುವುದಿಲ್ಲ. ಸಂಕೋಚದಿಂದ ವರ್ಷಗಟ್ಟಲೆ ಬಾಯಿಬಿಡದೆ ಇರುವವರೂ ಉಂಟು. ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಕೈಲೂರಿಯಾ ಎಂದು ಹೆಸರು.

ಕಾರಣವೇನು?

ನಾವು ತಿಂದ ಕೊಬ್ಬಿನ ಬಹುಭಾಗವು ಸಣ್ಣಕರುಳಿನಿಂದ ದುಗ್ಧನಾಳಗಳ ಮೂಲಕ ರಕ್ತವನ್ನು ಸೇರುತ್ತದೆ. ಆನೆಕಾಲು ರೋಗವನ್ನು ಉಂಟುಮಾಡುವ ಫೈಲೇರಿಯಾ ಹುಳುಗಳು ಈ ನಾಳಗಳಿಗೆ ಹಾನಿ ಮಾಡಿದಾಗ ಹರಿವಿಗೆ ತಡೆಯುಂಟಾಗಿ ಒತ್ತಡ ಹೆಚ್ಚುತ್ತದೆ. ಉಬ್ಬಿದ ನಾಳಗಳು ಮೂತ್ರಪಿಂಡದೊಳಗೆ ಒಡೆದುಕೊಂಡು, ಕೊಬ್ಬು ತುಂಬಿದ ರಸವು ಮೂತ್ರದೊಂದಿಗೆ ಬೆರೆಯುತ್ತದೆ. ರೋಗಿಯ ಕಾಲು ಬಾತಿರಲೇಬೇಕೆಂದೇನೂ ಇಲ್ಲ. ಈ ಹುಳುವಿನ ಮರಿಗಳನ್ನು ಇಂತಹ ಮೂತ್ರದಲ್ಲಿಯೇ 1866ರಲ್ಲಿ ಬ್ರೆಜಿಲಿನಲ್ಲಿ ಒಟ್ಟೊ ವುಚೆರರ್, 1870ರಲ್ಲಿ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸ್ ಕಂಡರು. ಕರ್ನಾಟಕದ ಕರಾವಳಿ ಮತ್ತು ಕಲಬುರಗಿ ಭಾಗಗಳು ಈ ರೋಗದ ನೆಲೆಗಳೆಂದು ಗುರುತಿಸಲ್ಪಟ್ಟಿವೆ.

ಪತ್ತೆ ಏಕೆ ಕಠಿಣ?

ಮೂತ್ರವು ಕೆಲವು ತಿಂಗಳು ಬೆಳ್ಳಗಿದ್ದು, ಬಳಿಕ ತಾನಾಗಿಯೇ ತಿಳಿಯಾಗಬಹುದು. ಪರೀಕ್ಷೆಯ ದಿನ ತಿಳಿಯಾಗಿದ್ದರೆ ರೋಗವೇ ಇಲ್ಲವೆಂಬ ತೀರ್ಮಾನವಾಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹೆಚ್ಚಾಗಿ ಕಾಣುವುದರಿಂದ ಮೂತ್ರಪಿಂಡವೇ ಕೆಟ್ಟಿದೆಯೆಂಬ ಭ್ರಮೆಯೂ ಉಂಟಾಗುತ್ತದೆ. ರಾತ್ರಿಯ ರಕ್ತಪರೀಕ್ಷೆಯಲ್ಲಿ ಹುಳುವಿನ ಮರಿಗಳು ಸಿಗದಿದ್ದ ಮಾತ್ರಕ್ಕೆ ಫೈಲೇರಿಯಾ ಇಲ್ಲವೆನ್ನಲಾಗದು.

ಇಲ್ಲಿ ನೆರವಾಗುವುದು ಸರಳ ಪರೀಕ್ಷೆ. ಮೂತ್ರಕ್ಕೆ ಈಥರ್ ಬೆರೆಸಿ ಕುಲುಕಿದಾಗ ಕೊಬ್ಬು ಕರಗಿ ಬಿಳುಪು ಮಾಯವಾದರೆ ಅದು ಕೈಲೂರಿಯಾದ ಸೂಚನೆ. ಫಾಸ್ಫೇಟಿನಿಂದಾದ ಬಿಳುಪಾದರೆ ಅಸಿಟಿಕ್ ಆಮ್ಲದಿಂದ ತಿಳಿಯಾಗುತ್ತದೆ. ಮೂತ್ರದಲ್ಲಿನ ಟ್ರೈಗ್ಲಿಸರೈಡ್ ಅಳೆಯುವುದು ಇನ್ನೂ ಖಚಿತ ವಿಧಾನ. ಕೊಬ್ಬಿನ ಊಟದ ನಂತರದ ಮೂತ್ರವನ್ನು ಪರೀಕ್ಷಿಸಿದರೆ ಸುಳಿವು ಸಿಗುವ ಸಂಭವ ಹೆಚ್ಚು. ಸೋರಿಕೆಯು ಯಾವ ಮೂತ್ರಪಿಂಡದಿಂದ ಎಂಬುದನ್ನು ಸಿಸ್ಟೋಸ್ಕೋಪಿಯ ಮೂಲಕ ಕಾಣಬಹುದು. ಗಾಯ, ಕ್ಷಯ, ಗೆಡ್ಡೆಗಳಿಂದಲೂ ಅಪರೂಪವಾಗಿ ಹೀಗಾಗುವುದರಿಂದ ಸ್ಕ್ಯಾನಿಂಗ್ ಸಹ ಅಗತ್ಯ.

ಚಿಕಿತ್ಸೆ

ಡೈಈಥೈಲ್ ಕಾರ್ಬಮಜೀನ್ ಔಷಧವು ಹುಳುಗಳನ್ನು ನಿವಾರಿಸುತ್ತದೆ. ಆದರೆ ಒಡೆದ ನಾಳವನ್ನು ಅದು ಮುಚ್ಚಲಾರದು. ಕೊಬ್ಬನ್ನು ಮಿತಗೊಳಿಸಿದ, ಪ್ರೋಟೀನ್ ಹೆಚ್ಚಿರುವ ಆಹಾರದಿಂದ ಅನೇಕರಿಗೆ ಗುಣ ಕಾಣುತ್ತದೆ. ಅದು ಸಾಲದಿದ್ದರೆ ಪೊವಿಡೋನ್ ಅಯೋಡಿನ್‌ನಂತಹ ದ್ರಾವಣವನ್ನು ಮೂತ್ರಪಿಂಡದೊಳಕ್ಕೆ ಹಾಯಿಸಿ ಸೋರಿಕೆಯನ್ನು ಮುಚ್ಚಲಾಗುತ್ತದೆ, ಕೊನೆಯದಾಗಿ ಶಸ್ತ್ರಚಿಕಿತ್ಸೆ.

ನಿರ್ಲಕ್ಷಿಸಿದರೆ ಕೊಬ್ಬು, ಪ್ರೋಟೀನುಗಳು ನಿರಂತರ ಸೋರಿ ದೇಹ ಕೃಶವಾಗುತ್ತದೆ. ಮೂತ್ರದಲ್ಲಿ ಗರಣೆ ಕಟ್ಟಿ ಮೂತ್ರವೇ ನಿಂತುಹೋಗಬಹುದು. ಆದ್ದರಿಂದ ಮೂತ್ರ ಬೆಳ್ಳಗಾದಾಗ ನಾಚಿಕೆಪಡದೆ ವೈದ್ಯರಿಗೆ ತಿಳಿಸಬೇಕು. ಯಾವಾಗಿನಿಂದ ಹೀಗಿದೆ, ಯಾವ ಊಟದ ಬಳಿಕ ಹೆಚ್ಚುತ್ತದೆ, ಈ ಹಿಂದೆ ಯಾವ ಊರಿನಲ್ಲಿ ವಾಸವಿತ್ತು ಎಂಬ ವಿವರಗಳು ರೋಗಪತ್ತೆಗೆ ಬಹಳ ಉಪಯುಕ್ತ.