ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು

ನಮ್ಮ ಅವ್ವನಿಗೆ ಈಗ ಎಂಬತ್ನಾಲ್ಕು. ಕಣ್ಣು ಮಂಜು. ಪುಣೆಗೆ ಬಂದು ಹದಿನೆಂಟು ವರ್ಷವಾದರೂ ಅವಳಿಗೆ ಬೆಳಗಾಗುವುದು ಧಾರವಾಡ ಆಕಾಶವಾಣಿಯಿಂದಲೇ. ಟ್ರಾನ್ಸಿಸ್ಟರಿನ ಗರಗರದಲ್ಲಿ ಅದನ್ನು ಹುಡುಕಿ ಹುಡುಕಿ ಸಾಕಾಗಿ, ಈಗ ನನ್ನ ಮೊಬೈಲಿನಲ್ಲಿ ಹಚ್ಚಿ ಅವಳ ಮಂಚದ ಪಕ್ಕದ ವೈರ್‌ಲೆಸ್ ಸ್ಪೀಕರಿಗೆ ಕಳಿಸುತ್ತೇನೆ. ಪೇಪರು ಓದಲಾರಳು, ಟಿವಿ ಕಾಣುವುದಿಲ್ಲ. ಅವಳ ಪಾಲಿಗೆ ಊರು ಅಂತ ಉಳಿದಿರುವುದು ಈ ದನಿಯೊಂದೇ.

ಕಳೆದ ಮಳೆಗಾಲದಲ್ಲಿ ಹೈದರಾಬಾದಿನಿಂದ ಬಂದ ಮಗರಾಯ, "ಅಪ್ಪಾ, ನಿಮ್ಮ ವೈಫೈ ಅಂದ್ರ ಸಂತಿ ಆಗೇತಿ" ಅಂತ ಹಳೇ ಪೆಟ್ಟಿಗೆ ಕಿತ್ತುಹಾಕಿದ. ಮ್ಯಾನೇಜ್ಡ್ ಸ್ವಿಚ್ ಬಂತು. ಹಾಲಿಗೊಂದು, ಅವ್ವನ ಕೋಣೆಗೊಂದು ಆಕ್ಸೆಸ್ ಪಾಯಿಂಟ್ ಬಂತು. ಫೋನು, ಲ್ಯಾಪ್‌ಟಾಪುಗಳಿಗೆ ಒಂದು ವಿ-ಲ್ಯಾನ್, ಟಿವಿ, ಕ್ಯಾಮೆರಾ, ಸ್ಪೀಕರುಗಳಿಗೆ ಇನ್ನೊಂದು. ಅವನು ರೈಲು ಹತ್ತಿದ ಮರುದಿನವೇ ಅವ್ವ ಕೂಗಿದಳು: "ತಮ್ಮಾ, ನಿನ್ನ ಡಬ್ಬಿ ಬಾಯಿ ಮುಚ್ಚಿಕೊಂಡೈತಲ್ಲೋ!"

ಫೋನಿನಲ್ಲಿ ಸ್ಪೀಕರಿನ ಹೆಸರೇ ಇಲ್ಲ. ಮಗ ದೂರದಿಂದಲೇ ಅದನ್ನು ಫೋನುಗಳ ವಿ-ಲ್ಯಾನಿಗೆ ಸೇರಿಸಿದ. ಹೆಸರು ಕಾಣಿಸಿತು, ಆದರೆ ಒಂದು ವಿಚಿತ್ರದೊಂದಿಗೆ. ಸ್ಪೀಕರಿನ ಪ್ಲಗ್ ಕಿತ್ತು ಹಾಕಿದರೆ ನಾಲ್ಕು ನಿಮಿಷ ಮಾತ್ರ ಹೆಸರಿರುತ್ತದೆ, ಆಮೇಲೆ ಮಾಯ. ಅಷ್ಟರಲ್ಲಿ ಹಚ್ಚಿಬಿಟ್ಟರೆ ಹಾಡುತ್ತದೆ. ನಡುವೆ ನಿಲ್ಲಿಸಿದೆವೋ, ಮತ್ತೆ ಪ್ಲಗ್ ಕೀಳಬೇಕು. ದಿನಾ ಇದೇ ಪೂಜೆ.

ಕೆಟ್ಟುಹೋದ ಸಾಮಾನು ಕೆಡುವಾಗ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ, ಅಲ್ಲವೇ? ಈ ನಾಲ್ಕು ನಿಮಿಷದ ಮೂಲ ಹುಡುಕುತ್ತ ಕುರ್ಚಿಯಲ್ಲಿ ಕೂತೇ ಸ್ಟ್ಯಾನ್‌ಫರ್ಡ್ ತನಕ ಹೋಗಿ ಬಂದೆ.

1980ರ ದಶಕದಲ್ಲಿ ಅಲ್ಲಿ ಸ್ಟೀವ್ ಡೀರಿಂಗ್ ಅಂತ ಒಬ್ಬ ಸಂಶೋಧನಾ ವಿದ್ಯಾರ್ಥಿ ಇದ್ದ. ಒಂದೇ ಮಾತನ್ನು ಹಲವು ಕಂಪ್ಯೂಟರುಗಳಿಗೆ ತಲುಪಿಸುವುದು ಹೇಗೆ ಅನ್ನುವುದು ಅವನ ತಲೆನೋವು. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಕಳಿಸಿದರೆ ತಂತಿ ತುಂಬಿಹೋಗುತ್ತದೆ. ಎಲ್ಲರಿಗೂ ಡಂಗುರ ಸಾರಿದರೆ ಬೇಡವಾದವರಿಗೂ ಕಿರಿಕಿರಿ. ಅವನು ಕಂಡುಕೊಂಡ ದಾರಿ ಮಲ್ಟಿಕಾಸ್ಟ್: ಒಂದು ಗುಂಪಿಗೇ ಒಂದು ವಿಳಾಸ. ಬೇಕಾದವರು ಗುಂಪಿಗೆ ಸೇರಿಕೊಳ್ಳಲಿ. ಕಳಿಸುವವನಿಗೆ ಯಾರು ಕೇಳುತ್ತಿದ್ದಾರೆ ಅಂತ ಗೊತ್ತಿರಬೇಕಿಲ್ಲ. 1989ರ ಆರ್‌ಎಫ್‌ಸಿ 1112 ಇದನ್ನು ಇಂಟರ್ನೆಟ್ಟಿನ ಕಟ್ಟಳೆಗಳಲ್ಲಿ ಸೇರಿಸಿತು. ರೇಡಿಯೋದ ತತ್ವವೇ ಇದು, ನೋಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಶುರುಮಾಡಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರಿಗೂ ಯಾರ ಮನೆಯಲ್ಲಿ ಯಾರು ಕಿವಿ ಕೊಟ್ಟಿದ್ದಾರೆ ಅಂತ ತಿಳಿಯುವ ಉಪಾಯವಿರಲಿಲ್ಲ.

1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಇಂಟರ್ನೆಟ್ ಎಂಜಿನಿಯರುಗಳ ಸಭೆಯ ಧ್ವನಿಯನ್ನು ಹೀಗೆ ದೂರದೂರದ ಊರುಗಳಿಗೆ ಹರಿಸಿದರು. ಈ ಜಾಲಕ್ಕೆ ಎಂಬೋನ್ ಅಂತ ಹೆಸರಾಯಿತು. 1994ರ ನವೆಂಬರ್ 18ರಂದು ರೋಲಿಂಗ್ ಸ್ಟೋನ್ಸ್ ತಂಡ ಡಲ್ಲಾಸ್‌ನ ತನ್ನ ಕಛೇರಿಯ ಒಂದು ಭಾಗವನ್ನು ಅದರಲ್ಲೇ ಬಿತ್ತರಿಸಿತು. ತಮಾಷೆ ಏನೆಂದರೆ, ಅವರು ಶುರುಮಾಡುವ ಮೊದಲೇ 'ಸಿವಿಯರ್ ಟೈರ್ ಡ್ಯಾಮೇಜ್' ಅನ್ನುವ, ಕಂಪ್ಯೂಟರ್ ಎಂಜಿನಿಯರುಗಳೇ ಕಟ್ಟಿಕೊಂಡ ಬ್ಯಾಂಡೊಂದು ಕರೆಯದೇ ಬಂದು ಅದೇ ಗುಂಪಿನಲ್ಲಿ ಬಾರಿಸಿಬಿಟ್ಟಿತು! ಗುಂಪಿನ ಬಾಗಿಲಿಗೆ ಚಿಲಕವಿರಲಿಲ್ಲ. ಯಾರು ಬೇಕಾದರೂ ಸೇರಬಹುದು, ಯಾರು ಬೇಕಾದರೂ ಮಾತಾಡಬಹುದು. ನೆಟ್‌ವರ್ಕ್ ಕಾಯುವವರಿಗೆ ಮಲ್ಟಿಕಾಸ್ಟ್ ಅಂದರೆ ಇವತ್ತಿಗೂ ಅಷ್ಟಕ್ಕಷ್ಟೇ ಆಗಿರಲು ಇದೂ ಒಂದು ಕಾರಣ. ವಿಶಾಲ ಇಂಟರ್ನೆಟ್ಟಿನಲ್ಲಿ ಅದು ಬೇರೂರಲೇ ಇಲ್ಲ.

ಬೇರೂರಿದ್ದು ಮನೆಯೊಳಗೆ. ಅದರ ಹಿಂದೆ ಇನ್ನೊಂದು ಕತೆ ಇದೆ. 1985ರಲ್ಲಿ ಆಪಲ್ ಕಂಪನಿಯ ಆಪಲ್‌ಟಾಕ್ ಬಂದಾಗ ಪ್ರಿಂಟರಿಗೆ ತಂತಿ ಸಿಕ್ಕಿಸಿದರೆ ಸಾಕು, ಅದರ ಹೆಸರು ತಾನಾಗಿ ಪಟ್ಟಿಯಲ್ಲಿ ಕಾಣುತ್ತಿತ್ತು. ಇಂಟರ್ನೆಟ್ಟಿನ ಐಪಿಯಲ್ಲಿ ಆ ಸುಖವಿರಲಿಲ್ಲ, ಎಲ್ಲಕ್ಕೂ ಅಂಕಿಗಳನ್ನು ಬರೆದು ಕೊಡಬೇಕು. ಅದೇ ಸುಖವನ್ನು ಐಪಿಗೂ ತರಬೇಕೆಂದು ಸ್ಟುವರ್ಟ್ ಚೆಶೈರ್ 1997ರಿಂದಲೇ ವಾದಿಸತೊಡಗಿದ. 2002ರಲ್ಲಿ ಆಪಲ್ ಅದನ್ನು ರಾಂಡೆವೂ ಹೆಸರಿನಲ್ಲಿ ಹೊರತಂದಿತು, 2005ರಲ್ಲಿ ಹೆಸರು ಬೋಂಜೂರ್ ಆಯಿತು. ಅದು 224.0.0.251 ಅನ್ನುವ ಗುಂಪಿನಲ್ಲಿ "ಇಲ್ಲಿ ಯಾರಿದ್ದೀರಿ?" ಅಂತ ಕೂಗುತ್ತದೆ. 1999ರಲ್ಲಿ ಮೈಕ್ರೋಸಾಫ್ಟ್ ಮುಂದಾಳತ್ವದ ಯುಪಿಎನ್‌ಪಿ ಕೂಟ ಇದೇ ಕೆಲಸಕ್ಕೆ 239.255.255.250 ಅನ್ನುವ ಬೇರೆ ಗುಂಪು ಹಿಡಿಯಿತು. ನಮ್ಮ ಸ್ಪೀಕರು ಈ ಎರಡನೇ ಮನೆತನದ್ದು.

ಎರಡಕ್ಕೂ ಒಂದೇ ನಂಬಿಕೆ: ಮನೆ ಅಂದರೆ ಒಂದೇ ಕೋಣೆ, ಕೂಗಿದರೆ ಎಲ್ಲರಿಗೂ ಕೇಳುತ್ತದೆ. 2004ರಲ್ಲಿ ಆಪಲ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಕಂಪ್ಯೂಟರಿನ ಹಾಡನ್ನು ವೈಫೈ ಮೇಲೆ ಸ್ಟೀರಿಯೋಗೆ ತಲುಪಿಸಿದಾಗ ಆ ನಂಬಿಕೆ ಸರಿಯಾಗಿಯೇ ಇತ್ತು. ಮನೆಗೊಂದೇ ಪೆಟ್ಟಿಗೆ ಇದ್ದ ಕಾಲ. 2005ರ ಆರಂಭದಲ್ಲಿ ಬಂದ ಸೋನೋಸ್ ಮಾತ್ರ ಮನೆಯ ವೈಫೈಯನ್ನು ನಂಬದೆ, ಸ್ಪೀಕರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಸ್ವಂತ ಜಾಲ ಕಟ್ಟಿಕೊಂಡಿತ್ತು. ಜಾಣತನವೇ ಅನ್ನಬೇಕು. ಯಾಕೆಂದರೆ ವೈಫೈಯಲ್ಲಿ ಒಬ್ಬರಿಗೇ ಕಳಿಸಿದ ಮಾತಿಗೆ 'ಮುಟ್ಟಿತು' ಅಂತ ರಸೀದಿ ಬರುತ್ತದೆ, ಬಾರದಿದ್ದರೆ ಮತ್ತೆ ಕಳಿಸುತ್ತದೆ. ಗುಂಪಿನ ಮಾತಿಗೆ ರಸೀದಿ ಇಲ್ಲ. ಎಲ್ಲಕ್ಕಿಂತ ನಿಧಾನದ ಕೇಳುಗನಿಗೂ ತಿಳಿಯಲೆಂದು ಅದನ್ನು ಆಮೆವೇಗದಲ್ಲಿ ಬೇರೆ ಕಳಿಸಬೇಕು. ಹೋದರೆ ಹೋಯಿತು.

ಇನ್ನು ವಿ-ಲ್ಯಾನ್. 1998ರ 802.1ಕ್ಯೂ ಮಾನಕ ಆಫೀಸುಗಳಿಗಾಗಿ ಬಂದದ್ದು, ಒಂದೇ ತಂತಿಯಲ್ಲಿ ಗೋಡೆ ಎಬ್ಬಿಸುವ ವಿದ್ಯೆ. ಗೋಡೆಯಾಚೆಗೆ ಕೂಗು ಹೋಗದು. ಮೊದಲ ದಿನದ ಮೌನಕ್ಕೆ ಇಷ್ಟೇ ಕಾರಣ.

ಆದರೆ ನಾಲ್ಕು ನಿಮಿಷ? ಅದರ ಗುಟ್ಟು ಡೀರಿಂಗ್‌ನ ಹಳೇ ದಾಖಲೆಯಲ್ಲೇ ಇದ್ದ ಐಜಿಎಂಪಿಯಲ್ಲಿತ್ತು. ಗುಂಪಿಗೆ ಸೇರುವ ಯಂತ್ರ "ನಾನೂ ಇದ್ದೇನೆ" ಅನ್ನುತ್ತದೆ. ಆಮೇಲೆ ರೂಟರು ಆಗಾಗ "ಇನ್ನೂ ಇದ್ದೀರಾ?" ಅಂತ ಹಾಜರಿ ಕರೆಯಬೇಕು. 1997ರ ಎರಡನೇ ಆವೃತ್ತಿಯ ಲೆಕ್ಕದಂತೆ 125 ಸೆಕೆಂಡಿಗೊಮ್ಮೆ ಹಾಜರಿ, ಉತ್ತರಕ್ಕೆ 10 ಸೆಕೆಂಡು ಅವಕಾಶ. ಎರಡು ಹಾಜರಿಯ ಕಾಲ ಮತ್ತು ಆ 10 ಸೆಕೆಂಡು ಸೇರಿ 260 ಸೆಕೆಂಡು ಕಳೆದರೂ ಉತ್ತರವಿಲ್ಲದಿದ್ದರೆ ಹೆಸರು ಹೊಡೆದುಹಾಕು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು!

ಹಳೇ ಸಾದಾ ಸ್ವಿಚ್ ಪೆದ್ದ, ಗುಂಪಿನ ಮಾತನ್ನೆಲ್ಲ ಎಲ್ಲ ತಂತಿಗೂ ಸುರಿಯುತ್ತಿತ್ತು, ಅವ್ವನ ರೇಡಿಯೋ ನಡೆಯುತ್ತಿತ್ತು. ಹೊಸದು ಬುದ್ಧಿವಂತ. ಕದ್ದು ಕೇಳಿ, ಯಾವ ತಂತಿಯಲ್ಲಿ ಯಾವ ಗುಂಪಿನವರಿದ್ದಾರೆ ಅಂತ ಪಟ್ಟಿ ಇಡುತ್ತದೆ. ಇದಕ್ಕೆ ಸ್ನೂಪಿಂಗ್ ಅನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ಹಾಜರಿ ಕರೆಯುವ ಮೇಷ್ಟ್ರೇ ಇರಲಿಲ್ಲ. ಯಾರೂ ಕರೆಯಲಿಲ್ಲ, ಸ್ಪೀಕರು ಉತ್ತರಿಸಲಿಲ್ಲ, ಸ್ವಿಚ್ಚು ಅದರ ಹೆಸರು ಹೊಡೆಯಿತು. ಆಮೇಲೆ ಹಾಲಿನಿಂದ ನನ್ನ ಫೋನು ಎಷ್ಟು ಕೂಗಿದರೂ ಆ ಕೋಣೆಗೆ ಮುಟ್ಟಬೇಕಲ್ಲ! ಮೂವರೂ ಕಾನೂನಿನ ಪ್ರಕಾರವೇ ನಡೆದುಕೊಂಡಿದ್ದರು ಪಾಪ.

ಮಗನಿಗೆ ಫೋನು ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲಪ್ಪಾ, ಕ್ವೆರಿಯರ್ ಆನ್ ಮಾಡೋದೇ ಮರ್ತಿದ್ದೆ" ಅಂದ. ಸ್ವಿಚ್ಚಿನ ಸೆಟ್ಟಿಂಗಿನಲ್ಲಿ ಅದಕ್ಕೊಂದು ಟಿಕ್ ಹಾಕಿದೆವು. ಗುಂಪಿನ ಮಾತನ್ನು ಒಬ್ಬೊಬ್ಬರಿಗೇ ರಸೀದಿ ಪಡೆದು ಮುಟ್ಟಿಸುವ ಆಯ್ಕೆ ಆಕ್ಸೆಸ್ ಪಾಯಿಂಟಿನಲ್ಲಿತ್ತು, ಅದಕ್ಕೂ ಒಂದು. ಕರೆಂಟು ಹೋಗಿ ಬಂದರೂ ವಿಳಾಸ ಬದಲಾಗದಂತೆ ಸ್ಪೀಕರಿಗೆ ಒಂದು ಐಪಿಯನ್ನು ಕಾದಿರಿಸಿದೆವು. ಕ್ಯಾಮೆರಾಗಳು ಗೋಡೆಯಾಚೆಗೇ ಇರಲಿ ಅಂತ ಬಿಟ್ಟೆವು.

ಮರುದಿನ ಬೆಳಿಗ್ಗೆ ಪ್ಲಗ್ ಹಾಕಿ ಕೈಯಲ್ಲಿ ವಾಚು ಹಿಡಿದು ನಿಂತೆ. ನಾಲ್ಕು ನಿಮಿಷ. ನಾಲ್ಕು ಇಪ್ಪತ್ತು. ಐದು. ಹೆಸರು ಅಲ್ಲೇ ಇತ್ತು.

"ನಿಂತು ಏನ್ ನೋಡಾಕತ್ತಿ?" ಅಂದಳು ಅವ್ವ. "ವಾರ್ತೆ ಹೊತ್ತಾತು, ಹಚ್ಚು."