ಸಮತೋಲನದ ಸಿದ್ಧಾಂತ ಮತ್ತು ಕೈಯಲ್ಲಿ ಏನೂ ಇಲ್ಲದವರು

ಪೈಪೋಟಿಯ ಮಾರುಕಟ್ಟೆಯೇ ಅತ್ಯಂತ ದಕ್ಷ ವ್ಯವಸ್ಥೆ ಎಂದು ಅರ್ಥಶಾಸ್ತ್ರಜ್ಞರು ಗಣಿತದಿಂದಲೇ ಸಾಧಿಸಿ ತೋರಿಸಿದ್ದಾರೆ, ಹಾಗಾಗಿ ಅದು ಕೊಟ್ಟ ಫಲಕ್ಕೆ ಸರ್ಕಾರ ಕೈಹಾಕಬಾರದು ಎಂಬ ಮಾತು ಅಂಕಣಗಳಲ್ಲೂ ಟೀವಿ ಚರ್ಚೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಸಾಮಾನ್ಯ ಸಮತೋಲನ ಸಿದ್ಧಾಂತವನ್ನು ಬಹುಕಾಲ ಪಾಠ ಹೇಳಿದವನಿಗೆ ಇದನ್ನು ಕೇಳಿಸಿಕೊಂಡು ಸುಮ್ಮನಿರುವುದು ಕಷ್ಟ. ಆ ಸಿದ್ಧಾಂತ ಹೇಳಿದ್ದರಲ್ಲಿ ಇದು ಅರ್ಧ ಮಾತ್ರ.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವಂಥದು. ಅಕ್ಕಿಯ ಬೆಲೆ, ಕೂಲಿಯ ದರ, ಬಟ್ಟೆಯ ಬೆಲೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ, ಆದ್ದರಿಂದ ಎಲ್ಲ ಮಾರುಕಟ್ಟೆಗಳನ್ನೂ ಒಟ್ಟಿಗೇ ನೋಡಬೇಕು ಎಂದು 1874ರಲ್ಲಿ ಲಿಯೋನ್ ವಾಲ್ರಾಸ್ ಸಮೀಕರಣಗಳಲ್ಲಿ ಬರೆದರು. ಒಬ್ಬರ ಸ್ಥಿತಿಯನ್ನು ಕೆಡಿಸದೆ ಇನ್ನೊಬ್ಬರ ಸ್ಥಿತಿಯನ್ನು ಉತ್ತಮಪಡಿಸಲಾಗದ ಹಂತವೇ ದಕ್ಷತೆ ಎಂಬ ಅಳತೆಗೋಲು ಪ್ಯಾರೆಟೊ ಅವರದು. ಮೂವತ್ತರ ದಶಕದಲ್ಲಿ ವಿಯೆನ್ನಾದ ಏಬ್ರಹಾಂ ವಾಲ್ಡ್ ಈ ಸಮೀಕರಣಗಳಿಗೆ ನಿಜಕ್ಕೂ ಪರಿಹಾರ ಇದೆಯೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಹಿಕ್ಸ್ 1939ರಲ್ಲಿ ಇಡೀ ವಿಚಾರವನ್ನು ಇಂಗ್ಲಿಷ್ ಓದುಗರಿಗೆ ತಲುಪಿಸಿದರು.

ನಿಜವಾದ ತಿರುವು ಬಂದದ್ದು ಐವತ್ತರ ದಶಕದಲ್ಲಿ. 1951ರಲ್ಲಿ ಕೆನೆತ್ ಆರೋ ಮತ್ತು ಜೆರಾರ್ಡ್ ದೆಬ್ರೂ ಬೇರೆಬೇರೆಯಾಗಿ ಎರಡು ಪ್ರಮೇಯಗಳಿಗೆ ಖಚಿತ ರೂಪ ಕೊಟ್ಟರು. ಎಲ್ಲ ಮಾರುಕಟ್ಟೆಗಳಲ್ಲೂ ಬೇಡಿಕೆ ಪೂರೈಕೆ ಸರಿದೂಗುವ ಪೈಪೋಟಿಯ ಸಮತೋಲನ ಪ್ಯಾರೆಟೊ ಅರ್ಥದಲ್ಲಿ ದಕ್ಷವಾಗಿರುತ್ತದೆ ಎನ್ನುವುದು ಮೊದಲನೆಯದು. ಎರಡನೆಯದನ್ನು ಯಾರೂ ಉಲ್ಲೇಖಿಸುವುದಿಲ್ಲ: ಕೆಲವು ಷರತ್ತುಗಳಿಗೆ ಒಳಪಟ್ಟು, ಯಾವ ದಕ್ಷ ಹಂಚಿಕೆಯನ್ನು ಬೇಕಾದರೂ ಮಾರುಕಟ್ಟೆಯ ಮೂಲಕವೇ ಸಾಧಿಸಬಹುದು, ಆದರೆ ಮೊದಲು ಜನರ ಕೈಯಲ್ಲಿರುವ ಆಸ್ತಿಯನ್ನು ಅದಕ್ಕೆ ತಕ್ಕಂತೆ ಮರುಹಂಚಬೇಕು. ದಕ್ಷ ಹಂಚಿಕೆಗಳು ಅಸಂಖ್ಯ. ಅವುಗಳಲ್ಲಿ ಯಾವುದು ನಮ್ಮ ಪಾಲಿಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಯಾರ ಬಳಿ ಎಷ್ಟು ಭೂಮಿ, ಬಂಡವಾಳ, ವಿದ್ಯೆ ಇತ್ತು ಎಂಬ ಸಂಗತಿ.

ಸಮತೋಲನ ಇದ್ದೇ ಇದೆ ಎಂಬುದಕ್ಕೆ ಆರೋ ಮತ್ತು ದೆಬ್ರೂ 1954ರಲ್ಲಿ ಒಟ್ಟಾಗಿ ಪುರಾವೆ ಕೊಟ್ಟರು. ಅದೇ ವರ್ಷ ಲಯನೆಲ್ ಮೆಕೆಂಜಿ ಕೂಡ ಕೊಟ್ಟರು. ಆರೋ-ದೆಬ್ರೂ ಪುರಾವೆಯ ಸೊಬಗನ್ನು ಮೆಚ್ಚುವವರು ಅದರ ಒಂದು ಊಹೆಯ ಮುಂದೆ ನಿಲ್ಲಬೇಕು. ಪ್ರತಿಯೊಬ್ಬ ವ್ಯಕ್ತಿಯೂ ಮಾರುಕಟ್ಟೆಗೆ ಬರುವ ಮೊದಲೇ ತನ್ನಲ್ಲಿರುವುದರಿಂದಲೇ ಬದುಕಬಲ್ಲ, ಬದುಕಿದ ಮೇಲೂ ಮಾರಲು ಎಲ್ಲ ಸರಕುಗಳಲ್ಲೂ ಅಷ್ಟಿಷ್ಟು ಅವನಲ್ಲಿ ಉಳಿದಿರುತ್ತದೆ ಎಂಬುದು ಆ ಊಹೆ. ಇದು ಬಲವಾದ ಊಹೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಸ್ವಾವಲಂಬಿ ರೈತರು ಬಿಡುವಿನಲ್ಲಿ ಒಂದಿಷ್ಟು ವ್ಯಾಪಾರ ಮಾಡುವ ಸಮಾಜಕ್ಕಷ್ಟೇ ಇದು ಚೆನ್ನಾಗಿ ಹೊಂದುತ್ತದೆ ಎಂದು 1957ರಲ್ಲಿ ಕೂಪ್‌ಮನ್ಸ್ ಎಚ್ಚರಿಸಿದರು. ದುಡಿಮೆ ಬಿಟ್ಟು ಮಾರಲು ಬೇರೇನೂ ಇಲ್ಲದ, ಆ ದುಡಿಮೆಯನ್ನು ಕೊಳ್ಳುವವರಿಲ್ಲದ ದಿನ ಉಪವಾಸ ಬೀಳುವ ಕೃಷಿ ಕೂಲಿಗೆ ಈ ಗಣಿತದೊಳಗೆ ಜಾಗವೇ ಇರಲಿಲ್ಲ.

ಮುಂದಿನ ದಶಕಗಳಲ್ಲಿ ಪ್ರತಿಭಾವಂತರು ಬೇರೆ ಕಡೆ ನಡೆದರು. ಬೆಲೆಗಳು ಸಮತೋಲನದತ್ತ ಹೋಗಲೇಬೇಕೆಂದಿಲ್ಲ ಎಂದು 1960ರಲ್ಲಿ ಸ್ಕಾರ್ಫ್ ತೋರಿಸಿದರು. ಒಟ್ಟು ಬೇಡಿಕೆ ಹೆಚ್ಚುಕಡಿಮೆ ಯಾವ ರೂಪವನ್ನಾದರೂ ತಾಳಬಹುದೆಂದು ತೋರಿಸಿದ ಸೊನ್ನೆನ್‌ಶೈನ್ ಮತ್ತು ಅವರ ನಂತರದವರ ಕೆಲಸ ಇಡೀ ಯೋಜನೆಯ ಉತ್ಸಾಹವನ್ನೇ ಕುಗ್ಗಿಸಿತು. ಮಾಹಿತಿ ಎಲ್ಲರಿಗೂ ಸಮನಾಗಿ ಸಿಗದಿದ್ದರೆ ಮೊದಲ ಪ್ರಮೇಯವೂ ನಿಲ್ಲುವುದಿಲ್ಲ ಎಂದು 1986ರಲ್ಲಿ ಗ್ರೀನ್‌ವಾಲ್ಡ್ ಮತ್ತು ಸ್ಟಿಗ್ಲಿಟ್ಜ್ ಸಾಧಿಸಿದರು. ಸಮತೆಯ ಬಗ್ಗೆ ನನಗೆ ಬಹಳ ಪ್ರಿಯವಾದ ಕೆಲಸ ಡಂಕನ್ ಫೋಲಿ ಮತ್ತು ಹಾಲ್ ವೇರಿಯನ್ ಅವರದು: ಇರುವುದನ್ನು ಎಲ್ಲರಿಗೂ ಸಮನಾಗಿ ಹಂಚಿ ವಿನಿಮಯಕ್ಕೆ ಬಿಟ್ಟರೆ, ಕೊನೆಗೆ ಯಾರೂ ಇನ್ನೊಬ್ಬರ ಪಾಲಿಗೆ ಆಸೆಪಡುವುದಿಲ್ಲ, ದಕ್ಷತೆಯೂ ಕೆಡುವುದಿಲ್ಲ.

ಹೊರಗೆ ಉಳಿದ ಕೂಲಿಯನ್ನು ಒಳಗೆ ತಂದವರು ಅಮರ್ತ್ಯ ಸೇನ್. ಶ್ರೀಮಂತರ ಸುಖವನ್ನು ಕಿಂಚಿತ್ತೂ ಕಡಿಮೆ ಮಾಡದೆ ಹಸಿದವರಿಗೆ ನೆರವಾಗಲು ಸಾಧ್ಯವಿಲ್ಲದಿದ್ದರೆ ಆ ಸಮಾಜವೂ ಪ್ಯಾರೆಟೊ ಲೆಕ್ಕದಲ್ಲಿ ದಕ್ಷವೇ ಎಂದು ಅವರು 1970ರಲ್ಲೇ ಹೇಳಿದ್ದರು. 1981ರಲ್ಲಿ ಬಂಗಾಳದ ಬರಗಾಲವನ್ನು ಅವರು ವಿಶ್ಲೇಷಿಸಿದಾಗ, 1943ರ ಆಹಾರ ಪೂರೈಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇ 5ರಷ್ಟು ಮಾತ್ರ ಕಡಿಮೆ ಇತ್ತೆಂದು ಕಂಡುಬಂತು. ಅಕ್ಕಿಯ ಬೆಲೆ ಏರಿದಂತೆ ಕೂಲಿ ಏರಲಿಲ್ಲ. ಕೃಷಿ ಕೂಲಿಗಳು, ಮೀನುಗಾರರು ಸತ್ತರು. ಈ ಲೆಕ್ಕವನ್ನು ಪ್ರಶ್ನಿಸಿದವರಿದ್ದಾರೆ. ಆದರೆ ಯಾರ ಬಳಿ ಮಾರಲು ಏನಿತ್ತು ಎಂಬ ಸೇನ್ ಅವರ ಪ್ರಶ್ನೆಯನ್ನು ಯಾರಿಗೂ ಅಲ್ಲಗಳೆಯಲಾಗಿಲ್ಲ.

ಎರಡನೆಯ ಪ್ರಮೇಯದ ಬೆಳಕಿನಲ್ಲಿ ಕರ್ನಾಟಕದ 1974ರ ಭೂಸುಧಾರಣೆಯನ್ನು ಓದಿದರೆ ಬಹಳ ಕಲಿಯುವುದಿದೆ. ದೇವರಾಜ ಅರಸು ಸರ್ಕಾರ ಬೆಲೆಗಳನ್ನು ಮುಟ್ಟದೆ ಆಸ್ತಿಯ ಹಂಚಿಕೆಯನ್ನೇ ಬದಲಿಸಿತು, ಗೇಣಿದಾರ ಒಡೆಯನಾದ. ಗೇಣಿಯೂ ಇಲ್ಲದ ಕೂಲಿಗೆ ಅದರಿಂದ ದಕ್ಕಿದ್ದು ಅತ್ಯಲ್ಪ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಬಿಟ್ಟಾಗ, ಭೂಮಿ ಹೆಚ್ಚು ಫಲ ತೆಗೆಯುವವರ ಕೈಸೇರುತ್ತದೆ ಎಂದು ಸಮರ್ಥಕರು ಹೇಳಿದರು. ಸೇರಬಹುದು. ಆದರೆ ಎರಡೆಕರೆ ಮಾರಿದವನ ಬಳಿ ಹಣ ಕರಗಿದ ಮೇಲೆ ಮಾರುಕಟ್ಟೆಗೆ ತರಲು ಏನಿರುತ್ತದೆ, ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಎಷ್ಟು ದಿನದ ಕೆಲಸ ಉಳಿಯುತ್ತದೆ ಎಂದು ಊರೂರಿನ ಲೆಕ್ಕ ಹಿಡಿದು ಅಳೆಯುವ ಕೆಲಸ ನಮ್ಮ ಅರ್ಥಶಾಸ್ತ್ರ ವಿಭಾಗಗಳಿಂದ ಆಗಬೇಕು.